ರೊಟ್ಟಿಯ ಸದ್ದು ಕೇಳಿಸಿದ ಬೇಸಿಗೆ

ನಮ್ಮ ಊರಿನ ಹೆಸರು ಇಡೀ ದೇಶದ ಬಾಯಿಗೆ ಬಂದದ್ದು ಒಂದು ಸಾವಿನಿಂದ. 2020ರ ಮಾರ್ಚ್ 10ರಂದು ಸೌದಿ ಅರೇಬಿಯಾದಿಂದ ಮರಳಿದ್ದ ಎಪ್ಪತ್ತಾರು ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನ ಬಿಟ್ಟು ಅದು ಕೊರೊನಾ ಎಂದು ಖಚಿತವಾಯಿತು. ಭಾರತದ ಮೊದಲ ಕೋವಿಡ್ ಸಾವು ಕಲಬುರಗಿಯದು. ಸರ್ಕಾರಿ ದಾಖಲೆಯಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಬಂದು ಐದು ವರ್ಷ ದಾಟಿದ್ದರೂ ಬೆಂಗಳೂರಿನ ನಮ್ಮ ನೆಂಟರಿಗೆ ಹೊಸ ಹೆಸರು ನಾಲಿಗೆಗೆ ಒಗ್ಗಿರಲಿಲ್ಲ. ಆ ವಾರ ಒಗ್ಗಿತು. ಒಬ್ಬರ ಮೇಲೊಬ್ಬರು ಫೋನು ಮಾಡಿದರು. ಕಾಳಜಿಯ ನಾಲ್ಕು ಮಾತು ಮುಗಿದ ಮೇಲೆ, ಸದ್ಯಕ್ಕೆ ಈ ಕಡೆ ಬರಬೇಡಿ ಎನ್ನುವ ಐದನೆಯ ಮಾತು ಎಲ್ಲರಲ್ಲೂ ಇತ್ತು.

ಹೀಗೆ ಶುರುವಾದ ಊರಿನಲ್ಲಿ ಕುಳಿತು ‘ಕೊರೊನಾ ಕಲಿಸಿದ ಪಾಠ’ ಎಂದು ಬರೆಯಲು ನನಗೆ ಇಷ್ಟು ವರ್ಷ ಮನಸ್ಸು ಬಂದಿರಲಿಲ್ಲ. ಅಂಥ ಬರಹಗಳು ಆಗ ಮೊಬೈಲಿಗೆ ದಿನಕ್ಕೆ ಹತ್ತು ಬರುತ್ತಿದ್ದವು. ಆಕಾಶ ನೀಲಿಯಾಯಿತು, ಕುಟುಂಬ ಒಂದಾಯಿತು, ಪ್ರಕೃತಿ ಉಸಿರಾಡಿತು ಎಂಬ ಧಾಟಿ. ಓದಿ ಮುಗಿಸಿ ಹೊರಗೆ ನೋಡಿದರೆ ರಿಂಗ್ ರಸ್ತೆಯ ಮೇಲೆ ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು ಹೊತ್ತವರು ನಡೆಯುತ್ತಿದ್ದರು. ರೋಗಕ್ಕೆ ಮೇಷ್ಟರ ಕೆಲಸ ಕೊಡುವುದು ನನಗೆ ಇಂದಿಗೂ ಸರಿಯೆನಿಸುವುದಿಲ್ಲ. ಆದರೆ ಆ ಬೇಸಿಗೆಯಲ್ಲಿ ನನ್ನ ಕೈಗೆ ಒಂದು ಕೆಲಸ ಹತ್ತಿತು, ಕಿವಿಗೆ ಒಂದು ಅಭ್ಯಾಸ ಹತ್ತಿತು. ಎರಡನ್ನೂ ಕಲಿಸಿದವಳು ಅವ್ವ. ಅದನ್ನು ಬರೆದಿಡದಿದ್ದರೆ ಅವಳಿಗೆ ಅನ್ಯಾಯ.

ಮನೆಯ ಸ್ಥಿತಿ ಮೊದಲು ಹೇಳಿಬಿಡುತ್ತೇನೆ. ನಾನು ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಮಾವನವರ ಆರೋಗ್ಯ ಕೆಟ್ಟಿದೆ ಎಂದು ಹೆಂಡತಿ ಮಾರ್ಚ್ ಮೊದಲ ವಾರ ಮಗನನ್ನು ಕರೆದುಕೊಂಡು ಭಾಲ್ಕಿಗೆ ಹೋಗಿದ್ದಳು. ಮಗಳು ಎಸ್ಸೆಸ್ಸೆಲ್ಸಿ. ಮಾರ್ಚ್ 27ಕ್ಕೆ ಅವಳ ಪರೀಕ್ಷೆ, ಅದಕ್ಕೂ ಮೊದಲೇ ಬಂದುಬಿಡುತ್ತೇನೆ ಎಂದು ಹೇಳಿ ಹೋದವಳು. ಇತ್ತ ಅವ್ವ ಶಿವರಾತ್ರಿಯ ಆಸುಪಾಸಿನಲ್ಲಿ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. 22ರಂದು ಜನತಾ ಕರ್ಫ್ಯೂ ಬಂತು, 25ರಿಂದ ದೇಶಕ್ಕೇ ಬೀಗ ಬಿತ್ತು. ಪರೀಕ್ಷೆ ಮುಂದೆ ಹೋಯಿತು. ಬಸ್ಸಿಲ್ಲ, ರೈಲಿಲ್ಲ. ಭಾಲ್ಕಿ ನೂರೈವತ್ತು ಕಿಲೋಮೀಟರಿನೊಳಗಿನ ಊರು. ಆ ತಿಂಗಳು ಅದು ದುಬೈಗಿಂತ ದೂರವಿತ್ತು. ಮನೆಯಲ್ಲಿ ಉಳಿದವರು ಮೂವರು: ರೊಟ್ಟಿ ಬಡಿಯಲು ಬಲ್ಲ, ಆದರೆ ಕೈ ಮುರಿದ ಅವ್ವ, ಕೈ ನೆಟ್ಟಗಿದ್ದೂ ಏನೂ ಬಾರದ ನಾನು, ‘ನಾನು ಓದಬೇಕು’ ಎಂದು ಮೊದಲ ದಿನವೇ ಜಾಣತನದಿಂದ ಘೋಷಿಸಿದ ಮಗಳು.

ಮೊದಲ ಮೂರು ದಿನ ಅನ್ನ, ಬೇಳೆ. ತೊಗರಿಯ ಕಣಜದಲ್ಲಿ ಕುಳಿತು ಬೇಳೆಗೆ ಬರವಿಲ್ಲ. ನಮ್ಮ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಆದರೆ ನಾಲ್ಕನೆಯ ದಿನ ಅವ್ವ ತಾಟನ್ನು ಸರಿಸಿ, ಹೊಟ್ಟೆ ತುಂಬಿದೆ ಊಟ ಆಗಿಲ್ಲ ಎಂದಳು. ಈ ಭಾಗದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಎಪ್ಪತ್ತು ವರ್ಷ ಜೋಳದ ರೊಟ್ಟಿ ತಿಂದ ಹೊಟ್ಟೆ ಅದು. ನಾನು ಅಡುಗೆಮನೆಯಲ್ಲಿ ಪರಾತವನ್ನು ಮುಂದಿಟ್ಟುಕೊಂಡು ಕುಳಿತೆ. ಅವ್ವ ಎದುರಿಗೆ ಮಣೆ ಹಾಕಿಕೊಂಡು, ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿ ಕೂಸಿನಂತೆ ಇಟ್ಟುಕೊಂಡು ಕುಳಿತಳು.

ಜೋಳದ ಹಿಟ್ಟು ಗೋಧಿ ಹಿಟ್ಟಿನಂತೆ ಅಲ್ಲ. ಗೋಧಿ ಹೇಗೆ ಕಲಸಿದರೂ ಒಂದಕ್ಕೊಂದು ಅಂಟಿಕೊಂಡು ಬರುತ್ತದೆ, ಅದರಲ್ಲಿ ಅಂಟು ಇದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ಕುದಿಯುವ ನೀರು ಬೇಕು. ಹಿಟ್ಟಿನ ನಡುವೆ ಗುಣಿ ಮಾಡಿ ಕುದಿನೀರು ಸುರಿದು ಮುಚ್ಚಿಟ್ಟರೆ ಹಿಟ್ಟು ಅರೆ ಬೆಂದು ಜಿಗಿ ಬಿಡುತ್ತದೆ. ಆ ಜಿಗಿಯೇ ರೊಟ್ಟಿಯ ಪ್ರಾಣ. ಇದೆಲ್ಲವನ್ನೂ ಅವ್ವ ಮೂರೇ ಮಾತಿನಲ್ಲಿ ಹೇಳಿದ್ದಳು: ನೀರು ಕುದಿಯಲಿ, ಕೈ ಸುಡಲಿ, ನಾದು. ನಾನು ನೀರು ಬಿಸಿಯಾದ ಕೂಡಲೇ ಇಳಿಸಿದೆ. ಕೈ ಸುಡುತ್ತದೆಂದು ಚಮಚದಿಂದ ಕಲಸಿದೆ. ಮೊದಲ ರೊಟ್ಟಿ ಅಂಗೈ ಅಗಲವಾಗುವಷ್ಟರಲ್ಲಿ ಅಂಚೆಲ್ಲ ಸೀಳಿತು. ಎತ್ತುವಾಗ ಮೂರು ತುಂಡಾಯಿತು. ಮಗಳು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತು ನೋಡಿ, ಇದು ಬಹಮನಿ ರಾಜ್ಯ ಒಡೆದು ಐದು ಚೂರಾದ ಪಾಠದ ಚಿತ್ರ ಅಪ್ಪಾ ಎಂದು ಹೇಳಿ ಒಳಗೆ ಹೋದಳು. ಮೂರೇ ಚೂರು ಎಂದು ನಾನು ಕೂಗಿ ಹೇಳಿದೆ. ಹಂಚಿಗೆ ಹಾಕಿದ ಮೇಲೆ ಐದಾಯಿತು.

ಅವ್ವ ನಗಲಿಲ್ಲ. ತುಂಡುಗಳನ್ನು ಮುರಿದು ಬೇಳೆಯಲ್ಲಿ ನೆನೆಸಿ ಉಂಡಳು. ಉಂಡಾದ ಮೇಲೆ, ಹಿಟ್ಟಿನ ತಪ್ಪೂ ಇದೆ ಎಂದಳು. ನನ್ನನ್ನು ಉಳಿಸಲು ಹೇಳಿದಳೆಂದು ತಿಳಿದಿದ್ದೆ, ಆದರೆ ಅದು ನಿಜವಾಗಿತ್ತು. ಲಾಕ್‌ಡೌನ್ ಎಂದ ಕೂಡಲೇ ನಾನು ಬುದ್ಧಿವಂತನಂತೆ ಗಿರಣಿಗೆ ಓಡಿ ಹದಿನೈದು ಕಿಲೋ ಜೋಳ ಒಮ್ಮೆಗೇ ಬೀಸಿಸಿಕೊಂಡು ಬಂದಿದ್ದೆ. ಜನ ಸಕ್ಕರೆ, ಎಣ್ಣೆ, ಸಾಬೂನು ಕೂಡಿಡುತ್ತಿದ್ದ ಹೊತ್ತು. ನಾನು ಹಿಟ್ಟು ಕೂಡಿಟ್ಟೆ. ಜೋಳ ವರ್ಷ ಇದ್ದೀತು, ಹಿಟ್ಟು ಇರುವುದಿಲ್ಲ. ದಿನ ಕಳೆದಂತೆಲ್ಲ ಜಿಗಿ ಹೋಗುತ್ತದೆ, ಬಡಿದಂತೆಲ್ಲ ಒಡೆಯುತ್ತದೆ. ನಮ್ಮ ಹೆಂಗಸರು ವಾರಕ್ಕೊಮ್ಮೆ ಡಬ್ಬಿ ಹೊತ್ತು ಗಿರಣಿಯ ಮುಂದೆ ಸಾಲು ನಿಲ್ಲುವುದನ್ನು ನಲವತ್ತೈದು ವರ್ಷದಿಂದ ನೋಡಿದ್ದೇನೆ. ಒಂದೇ ಸಲ ಬೀಸಿಸಿಕೊಂಡರೆ ಆಗದೇ ಎಂದು ಹೆಂಡತಿಗೆ ಬುದ್ಧಿ ಹೇಳಿದ್ದೂ ಇದೆ. ಅವಳು ಆಗ ಏನೂ ಅನ್ನದೆ ನನ್ನ ಮುಖ ನೋಡಿದ್ದರ ಅರ್ಥ ಈ ಹದಿನೈದು ಕಿಲೋ ಹಿಟ್ಟಿನ ಮುಂದೆ ಕುಳಿತಾಗ ಗೊತ್ತಾಯಿತು. ಕೂಡಿಡಬೇಕಾದರೆ ಕಡಕ್ ರೊಟ್ಟಿ ಮಾಡಿ ಕೂಡಿಡಬೇಕು, ಅದು ತಿಂಗಳುಗಟ್ಟಲೆ ಇರುತ್ತದೆ. ಆದರೆ ಕಾಗದದಷ್ಟು ತೆಳ್ಳಗೆ ಬಡಿಯಲು ಬರುವವನು ಮೊದಲು ಮಾಮೂಲು ರೊಟ್ಟಿ ಬಡಿಯಬೇಕಲ್ಲ.

ಒಂಬತ್ತನೆಯ ದಿನ ಒಂದು ರೊಟ್ಟಿ ಉಬ್ಬಿತು. ಹಂಚಿನ ಮೇಲೆ ನೀರು ಸವರಿ, ತಿರುವಿ, ಬೆಂಕಿಗೆ ಒಡ್ಡಿದಾಗ ಪೂರಿಯಂತೆ ಎದ್ದು ನಿಂತಿತು. ನಾನು ಮಗಳನ್ನು ಕೂಗಿದೆ. ಅವಳು ಬರುವಷ್ಟರಲ್ಲಿ ಅದು ಇಳಿದಿತ್ತು. ಹೆಂಡತಿಗೆ ವಿಡಿಯೊ ಕರೆ ಮಾಡಿ ಇಳಿದ ರೊಟ್ಟಿಯನ್ನೇ ತೋರಿಸಿ, ಈಗ ಉಬ್ಬಿತ್ತು ಎಂದೆ. ಇರಲಿ ಬಿಡಿ ಎಂದಳು.

ಈಗ ಕಿವಿಯ ವಿಷಯ. ನಮ್ಮ ಗಲ್ಲಿಯಲ್ಲಿ ಹದಿನಾಲ್ಕು ಮನೆ. ಮುಖ್ಯ ರಸ್ತೆಗೆ ಐವತ್ತು ಹೆಜ್ಜೆ. ಆಟೊ, ಟಂಟಂ, ಜಾಹೀರಾತಿನ ಧ್ವನಿವರ್ಧಕ, ಅಂಗಡಿಯ ಹಾಡು, ದೂರದಲ್ಲಿ ಮುಂಬೈ-ಚೆನ್ನೈ ಮಾರ್ಗದ ರೈಲು ಎಲ್ಲ ಸೇರಿ ಒಂದೇ ಗೋಡೆಯಂತಹ ಗದ್ದಲ. ಆ ಗೋಡೆ ಮಾರ್ಚ್ ಕೊನೆಯ ವಾರ ಬಿದ್ದುಹೋಯಿತು. ಮೊದಲು ಮೌನವೆಂದುಕೊಂಡೆ. ನಾಲ್ಕೈದು ದಿನ ಹೋದ ಮೇಲೆ ಬೆಳಿಗ್ಗೆ ಹತ್ತರ ಸುಮಾರಿಗೆ ಸುತ್ತಲ ಮನೆಗಳಿಂದ ಟಪ್ ಟಪ್ ಕೇಳಿಸಿತು. ಎಲ್ಲ ಮನೆಯಲ್ಲೂ ರೊಟ್ಟಿ ಬಡಿಯುತ್ತಿದ್ದರು. ಹದಿನಾಲ್ಕು ವರ್ಷ ಆ ಗಲ್ಲಿಯಲ್ಲಿದ್ದು ನಾನು ಇದನ್ನು ಕೇಳಿರಲಿಲ್ಲ. ಆ ಹೊತ್ತಿಗೆ ನಾನು ಮಿಲ್ಲಿನಲ್ಲಿ ಇರುತ್ತಿದ್ದೆ, ಭಾನುವಾರ ಟೀವಿ ಹಚ್ಚಿರುತ್ತಿತ್ತು.

ನಾನು ಪರಾತದ ಮುಂದೆ ಹೋರಾಡುತ್ತಿರುವಾಗ ಅವ್ವ ಕಣ್ಣು ಮುಚ್ಚಿ ಒಂದೊಂದೇ ಸದ್ದನ್ನು ಬೇರೆ ಮಾಡಿ ಹೇಳುತ್ತಿದ್ದಳು. ಸ್ಟೀಲಿನ ಪರಾತದಲ್ಲಿ ಬಡಿದರೆ ಒಂದು ಬಗೆ, ಅದು ಝಣ ಎನ್ನುತ್ತದೆ. ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಬಡಿದರೆ ಅಡಗಿದ ಸದ್ದು. ಒಂದೇ ಸಮ ಬರುವುದು ಮೂಲೆಯ ಮನೆಯ ಅಕ್ಕೋರದು, ಶಾಲೆಗೆ ಓಡುವ ಗಡಿಬಿಡಿಯಲ್ಲಿ ಇಪ್ಪತ್ತು ವರ್ಷ ಬಡಿದ ಕೈ, ಶಾಲೆ ಮುಚ್ಚಿದರೂ ಅದೇ ಓಟ. ನಾಲ್ಕು ಬಡಿದು ನಿಲ್ಲುವುದು ಎದುರು ಮನೆಯ ಹೊಸ ಸೊಸೆಯದು, ನಡುವೆ ಮೊಬೈಲ್ ನೋಡುತ್ತಾಳೆ. ಗೋಡೆಯಾಚೆಯಿಂದ ಮಳೆ ಸುರಿದ ಹಾಗೆ ಬಿಡದೆ ಕೇಳುವುದು ರೊಟ್ಟಿ ಅಕ್ಕನದು.

ರೊಟ್ಟಿ ಅಕ್ಕ ಎಂದರೆ ರೊಟ್ಟಿ ಮಾಡಿ ಮಾರುವವಳು. ನಮ್ಮ ಊರಿನಲ್ಲಿ ಇದೊಂದು ದೊಡ್ಡ ಉದ್ಯೋಗ. ಗಂಡನಿಲ್ಲದವರು, ಇದ್ದೂ ಇಲ್ಲದವರು ಎಷ್ಟೋ ಮನೆಗಳನ್ನು ಇದೇ ಕೈಯಿಂದ ನಡೆಸಿದ್ದಾರೆ. ಖಾನಾವಳಿಗಳಿಗೆ ದಿನಕ್ಕೆ ಇನ್ನೂರೈವತ್ತು, ಮುನ್ನೂರು ರೊಟ್ಟಿ ಕೊಡುತ್ತಿದ್ದಳು. ಖಾನಾವಳಿ ಮುಚ್ಚಿದ ಮೇಲೆ ಅವಳ ಸದ್ದು ಹತ್ತು ನಿಮಿಷಕ್ಕೇ ಮುಗಿಯತೊಡಗಿತು. ಅವ್ವ ಎಣಿಸುತ್ತಿದ್ದಳು. ಇಂದು ಎಂಟು ರೊಟ್ಟಿ, ತಾಯಿ ಮಗ ಇಬ್ಬರಿಗೇ ಎನ್ನುವಳು. ಅವಳು ಮಾರುವಷ್ಟು ರೊಟ್ಟಿಗೆ ಬೇಡಿಕೆ ಮತ್ತೆ ಬಂದದ್ದು ಏಪ್ರಿಲ್ ನಡುವೆ, ಊರಿನ ಕೆಲವರು ಸೇರಿ ನಿಂತಲ್ಲೇ ನಿಂತ ಲಾರಿಯವರಿಗೆ, ಆಸ್ಪತ್ರೆಯ ಹೊರಗೆ ಕಾದವರಿಗೆ ಊಟದ ಪೊಟ್ಟಣ ಹಂಚಲು ಶುರು ಮಾಡಿದಾಗ. ಈ ಊರಿಗೆ ಅದು ಹೊಸದಲ್ಲ. ಹೊಲಕ್ಕೆ ಬಂದ ಹಕ್ಕಿಯನ್ನು ಓಡಿಸದೆ, ಅದಕ್ಕೆ ಕುಡಿಯುವ ನೀರನ್ನೂ ಇಟ್ಟ ಶರಣಬಸವೇಶ್ವರರ ಕಥೆಯನ್ನು ತೊಟ್ಟಿಲಲ್ಲೇ ಕೇಳಿ ಬೆಳೆದ ಊರು. ದಾಸೋಹ ಎಂಬ ಪದ ಇಲ್ಲಿ ಮಾತಿನ ನಡುವೆ ಸಹಜವಾಗಿ ಬರುತ್ತದೆ. ಆ ವರ್ಷ ಹೋಳಿಯ ನಂತರದ ಶರಣಬಸವೇಶ್ವರ ಅಪ್ಪನ ಜಾತ್ರೆಗೆ ನಾವ್ಯಾರೂ ಹೋಗಿರಲಿಲ್ಲ. ತೇರಿಗೆ ಎಸೆಯಬೇಕಿದ್ದ ಉತ್ತತ್ತಿ ಬಾಳೆಹಣ್ಣಿನ ರೊಕ್ಕವನ್ನು ಅವ್ವ ಸೆರಗಿನಿಂದ ಬಿಚ್ಚಿ ಆ ಊಟದ ಖರ್ಚಿಗೆ ಕೊಟ್ಟಳು.

ಏಪ್ರಿಲ್ ಎರಡನೆಯ ವಾರದ ಒಂದು ದಿನ ಅವ್ವ ಹಿಟ್ಟು ನಾದುತ್ತಿದ್ದ ನನ್ನನ್ನು ತಡೆದು, ಪಡುವಣ ದಿಕ್ಕಿನ ಮೂರನೆಯ ಮನೆಯಿಂದ ಸದ್ದಿಲ್ಲ ಎಂದಳು. ಆಟೊ ನಡೆಸುವವನ ಮನೆ. ಗಂಡ, ಹೆಂಡತಿ, ಎರಡು ಮಕ್ಕಳು. ಅನ್ನ ಮಾಡಿರಬಹುದು ಎಂದೆ. ನಿನ್ನೆಯೂ ಇರಲಿಲ್ಲ, ಮೊನ್ನೆ ಮೂರೇ ಬಡಿದರು ಎಂದಳು. ನಾನು ಎದ್ದು ಡಬ್ಬಿಗೆ ಹಿಟ್ಟು ತುಂಬಿ, ಹೋಗಿ ಕೊಟ್ಟು ಬರುತ್ತೇನೆ ಎಂದೆ. ಅವ್ವ ಗದರಿದಳು.

“ಕೊಡಲು ಹೋಗಬೇಡ. ಮೊದಲು ಅವರ ಮನೆಯಿಂದ ಏನಾದರೂ ಕಡ ತೆಗೆದುಕೊಂಡು ಬಾ.”

ನನಗೆ ಅರ್ಥವಾಗಲಿಲ್ಲ. ಅವ್ವ ಬಿಡಿಸಿ ಹೇಳಿದಳು. ಆ ಹುಡುಗ ಮಾನಿಷ್ಠ. ಹಿಟ್ಟು ಒಯ್ದು ಕೊಟ್ಟರೆ ಬಾಗಿಲಲ್ಲೇ ಬೇಡ ಎನ್ನುತ್ತಾನೆ, ಇಟ್ಟುಕೊಂಡರೂ ನಾಳೆಯಿಂದ ನಿನ್ನ ಮುಖ ನೋಡುವುದಿಲ್ಲ. ನೀನೇ ಹೋಗಿ ಕೈಗಡ ಕೇಳು. ಒಮ್ಮೆ ಕೊಟ್ಟ ಕೈ, ಆಮೇಲೆ ಕೇಳಲು ನಾಚುವುದಿಲ್ಲ. ಕೈಗಡ ಎಂಬುದು ನಮ್ಮ ಕಡೆ ಬಡ್ಡಿಯಿಲ್ಲದ, ಕಾಗದವಿಲ್ಲದ, ಸಾಕ್ಷಿಯಿಲ್ಲದ ಸಾಲ. ಒಂದು ಬಟ್ಟಲು ಹಿಟ್ಟು, ಒಂದು ಹಿಡಿ ಉಪ್ಪು, ಹೆಪ್ಪಿಗೆ ಒಂದು ಚಮಚ ಮೊಸರು. ಇಪ್ಪತ್ತು ವರ್ಷ ಜಮೆ ಖರ್ಚು ಬರೆದ ನಾನು ಈ ಲೆಕ್ಕ ಕಲಿತಿರಲಿಲ್ಲ.

ಹೋಗಿ ನಿಂತೆ. ಏನು ಕೇಳಬೇಕೆಂದು ತಿಳಿಯದೆ, ಅವ್ವನಿಗೆ ಬಾಯಿ ಕೆಟ್ಟಿದೆ, ಉಪ್ಪಿನಕಾಯಿ ಇದ್ದರೆ ಒಂದಿಷ್ಟು ಕೊಡು ತಮ್ಮಾ ಎಂದೆ. ಅವನ ಮುಖ ಅರಳಿತು. ಹೆಂಡತಿಯನ್ನು ಕೂಗಿ, ಅವ್ವನಿಗೆ ಬೇಕಂತೆ ನೋಡು ಎಂದ. ಕರಂಡಿಯ ತಳದಲ್ಲಿ ಉಳಿದಿದ್ದ ಮಾವಿನ ಉಪ್ಪಿನಕಾಯಿಯನ್ನು ಆಕೆ ಗೀರಿ ಗೀರಿ ತೆಗೆದು ಬಟ್ಟಲಿಗೆ ಹಾಕಿ ಕೊಟ್ಟಳು. ಆ ಗೀರುವ ಸದ್ದು ನನ್ನಿಂದ ಮರೆಯಲಾಗದು. ಸಂಜೆ ಬಟ್ಟಲು ಖಾಲಿ ಮರಳಿಸಬಾರದು ಎಂಬ ನೆಪದಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಅದರ ಜೊತೆ ಜೋಳ, ಬೇಳೆ ಹೋಯಿತು. ಎರಡು ದಿನ ಬಿಟ್ಟು ಅವನೇ ಬಂದು, ಅಣ್ಣಾ ಎರಡು ಸೇರು ಜೋಳ ಕಡ ಬೇಕಿತ್ತು, ಆಟೊ ಶುರುವಾದ ಮೇಲೆ ಕೊಡುತ್ತೇನೆ ಎಂದ. ತಲೆ ತಗ್ಗಿಸಿ ಕೇಳಲಿಲ್ಲ, ನೆಟ್ಟಗೆ ನಿಂತು ಕೇಳಿದ. ಜೂನ್‌ನಲ್ಲಿ ಹೊಸ ಜೋಳವನ್ನೇ ತಂದು ಅಳೆದು ಹಾಕಿದ. ಅವ್ವ ಅದರಲ್ಲಿ ಒಂದು ಬೊಗಸೆ ಅವನ ಚೀಲಕ್ಕೇ ಹಾಕಿ ಕಳಿಸಿದಳು. ಕಡವನ್ನು ಪೂರ್ತಿ ಚುಕ್ತಾ ಮಾಡಬಾರದಂತೆ. ಆಚೆ ಮನೆಯದು ಈಚೆ, ಈಚೆ ಮನೆಯದು ಆಚೆ ಒಂದಿಷ್ಟು ಬಾಕಿ ಇರಬೇಕು. ನಮ್ಮ ಸಾಹುಕಾರರ ಮುಂದೆ ಈ ಮಾತು ಹೇಳಿದರೆ ನನ್ನ ಕೆಲಸ ಹೋಗುತ್ತದೆ.

ಮಿಲ್ಲಿನ ಮಾತು ಬಂತು. ಅಲ್ಲಿ ನಾನು ಯಾವ ಕಿವಿಯನ್ನೂ ತೆರೆಯಲಿಲ್ಲ ಎಂಬುದನ್ನೂ ಹೇಳಬೇಕು. ತೊಗರಿ ಸುಮ್ಮನೆ ಬೇಳೆಯಾಗುವುದಿಲ್ಲ. ಕಾಳಿನ ಸಿಪ್ಪೆಯನ್ನು ಯಂತ್ರದಲ್ಲಿ ತರಚಿ, ಎಣ್ಣೆ ಸವರಿ, ನೀರು ಹಾಯಿಸಿ, ಬಿಸಿಲಿಗೆ ಹರವಿ ದಿನಗಟ್ಟಲೆ ಒಣಗಿಸಿ, ಆಮೇಲೆ ಸಿಪ್ಪೆ ಬಿಡಿಸಿ ಒಡೆಯಬೇಕು. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಆ ಅಂಗಳದಲ್ಲಿ ಕಾಳು ತಿರುವುವವರು ಹೊರ ರಾಜ್ಯದವರೂ ಇದ್ದರು, ತಾಂಡಾದವರೂ ಇದ್ದರು. ಬೇಳೆ ಅಗತ್ಯ ವಸ್ತುವಾದ್ದರಿಂದ ಏಪ್ರಿಲ್‌ನಲ್ಲಿ ಮಿಲ್ಲಿಗೆ ಪಾಸು ಸಿಕ್ಕಿತು. ನಾನು ಹೋಗಿ ಹಾಜರಿ ಪುಸ್ತಕ ತೆರೆದರೆ ಅರ್ಧ ಹೆಸರುಗಳ ಮುಂದೆ ಖಾಲಿ. ಅವರು ಹೇಗೆ ಹೋದರು, ನಡೆದರೋ, ಲಾರಿ ಹತ್ತಿದರೋ, ಗೇಟಿನವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಎಂಟು ವರ್ಷ ಪ್ರತಿ ಶನಿವಾರ ನನ್ನ ಕೈಯಿಂದ ಬಟವಾಡೆ ತೆಗೆದುಕೊಂಡವರು. ಹೆಸರು, ಹೆಬ್ಬೆಟ್ಟು ನನಗೆ ಗೊತ್ತು, ಊರು ಗೊತ್ತಿರಲಿಲ್ಲ. ಪುಸ್ತಕದ ಖಾಲಿ ಅಂಕಣಗಳಲ್ಲಿ ‘ಗೈರು’ ಎಂದು ಬರೆದೆ. ಆ ಪುಟ ಈಗಲೂ ಕಪಾಟಿನಲ್ಲಿದೆ. ಮೇ ತಿಂಗಳಲ್ಲಿ ಇದೇ ದೃಶ್ಯ ಉಲ್ಟಾ ಆಯಿತು: ಮುಂಬೈ, ಪುಣೆಗೆ ಗುಳೆ ಹೋಗಿದ್ದ ನಮ್ಮ ಜಿಲ್ಲೆಯ, ಯಾದಗಿರಿಯ ಜನ ಮರಳಿ ಬಂದರು, ಶಾಲೆ ಹಾಸ್ಟೆಲುಗಳು ಕ್ವಾರಂಟೈನ್ ಕೇಂದ್ರಗಳಾದವು. ಅವರ ಹೆಸರಿನ ಮುಂದೆ ಅಲ್ಲಿ ಯಾರೋ ನನ್ನಂಥ ಗುಮಾಸ್ತ ‘ಗೈರು’ ಎಂದು ಬರೆದಿರಬೇಕು.

ಆ ದಿನಗಳಲ್ಲೇ ಮೊಬೈಲಿನಲ್ಲಿ ಕೆಟ್ಟ ಗಾಳಿಯೂ ಬೀಸುತ್ತಿತ್ತು. ತರಕಾರಿ ಗಾಡಿಯವನ ಹೆಸರು ಕೇಳಿ ಕೊಳ್ಳಿರಿ ಎಂಬ ಸಂದೇಶ ನನ್ನ ಮೊಬೈಲಿಗೂ ಬಂತು, ಕಳಿಸಿದವರು ಓದು ಬರಹ ಬಲ್ಲ ನೆಂಟರೇ. ಗಾಡಿ ಬಂದಾಗ ಅವ್ವ ಕಟ್ಟೆಗೆ ಬಂದು ಕೇಳಿದ್ದು ಪುಂಡಿ ಪಲ್ಯದ ದರ. ಹತ್ತಕ್ಕೆ ಎರಡು ಕಟ್ಟು ಎಂದ. ಮೂರು ಕೊಡು ಎಂದಳು. ಕೊಟ್ಟ. ರಂಜಾನ್ ತಿಂಗಳು ಅಷ್ಟೊತ್ತಿಗೆ ಶುರುವಾಗಿತ್ತು. ಬಂದೇ ನವಾಜರ ದರ್ಗಾದ ಓಣಿಯ ಆ ಸಂಜೆಯ ಜನಜಂಗುಳಿ, ಹಲೀಮಿನ ಹಂಡೆಗಳು ಆ ವರ್ಷ ಇರಲಿಲ್ಲ. ನೆತ್ತಿ ಸುಡುವ ಬಿಸಿಲಿನಲ್ಲಿ ರೋಜಾ ಹಿಡಿದು ಗಾಡಿ ತಳ್ಳುವವನಿಗೆ, ಹೊತ್ತು ಮುಳುಗಿದ ಮೇಲೆ ಕುಡಿ ಎಂದು ಅವ್ವ ಬಾಟಲಿಯಲ್ಲಿ ಪಾನಕ ತುಂಬಿಸಿ ಕೊಡಿಸಿದಳು. ಅದರ ಬಗ್ಗೆ ಅವಳು ಯಾವ ಸಂದೇಶವನ್ನೂ ಯಾರಿಗೂ ಕಳಿಸಲಿಲ್ಲ. ಅವಳಿಗೆ ಮೊಬೈಲ್ ಬಳಸಲು ಬರುವುದಿಲ್ಲ, ಅದೊಂದು ಭಾಗ್ಯ.

ಬಿಸಿಲಿನ ನೆನಪಾಯಿತು. ಮಗಳು ಚಂದನದಲ್ಲಿ ಬರುತ್ತಿದ್ದ ಪಾಠ ನೋಡಿ ನೋಡಿ ಬೇಸತ್ತಿದ್ದಳು. ಮೇ ಎರಡನೆಯ ವಾರದ ಹೊತ್ತಿಗೆ ಒಂದು ಮಧ್ಯಾಹ್ನ ನನ್ನನ್ನು ಮಾಳಿಗೆಗೆ ಎಳೆದೊಯ್ದಳು. ಸ್ಟೀಲಿನ ಲೋಟವೊಂದನ್ನು ಬೋರಲು ಹಾಕಿ, ಹನ್ನೆರಡೂ ಇಪ್ಪತ್ತರ ಸುಮಾರಿಗೆ ನೋಡಿ ಎಂದಳು. ಲೋಟಕ್ಕೆ ನೆರಳೇ ಇರಲಿಲ್ಲ. ನನ್ನ ನೆರಳು ಪಾದದಡಿ ಹೊಕ್ಕಿತ್ತು. ನಮ್ಮ ದೇಶದಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣದ ಊರುಗಳಿಗೆಲ್ಲ ವರ್ಷಕ್ಕೆ ಎರಡು ದಿನ ಸೂರ್ಯ ನಟ್ಟನೆತ್ತಿಗೆ ಬರುತ್ತಾನೆ. ಹದಿನೇಳೂ ಚಿಲ್ಲರೆ ಡಿಗ್ರಿ ಅಕ್ಷಾಂಶದ ನಮಗೆ ಒಮ್ಮೆ ಮೇ ತಿಂಗಳಲ್ಲಿ, ಇನ್ನೊಮ್ಮೆ ಆಗಸ್ಟ್ ಮೊದಲ ವಾರದ ಆಸುಪಾಸಿನಲ್ಲಿ. ಬಿಸಿಲೂರಿನಲ್ಲಿ ಹುಟ್ಟಿ ಬಿಸಿಲನ್ನು ಬೈಯುವುದೊಂದೇ ಗೊತ್ತಿದ್ದ ನಾನು ಕಾಲು ಸುಡುವವರೆಗೆ ಆ ಲೋಟವನ್ನು ನೋಡುತ್ತ ನಿಂತೆ.

ಮೇ 19ರಿಂದ ರಾಜ್ಯದೊಳಗೆ ಬಸ್ಸು ಬಿಟ್ಟರು. ಹೆಂಡತಿ ಬಂದಳು. ಹದಿನಾಲ್ಕು ದಿನ ಮನೆಯಲ್ಲೇ ಬೇರೆ ಕೋಣೆಯಲ್ಲಿ ಕುಳಿತಳು, ಮಗನೂ. ಬಾಗಿಲ ಬಳಿ ತಾಟು ಇಟ್ಟು ಸರಿದು ನಿಂತೆ. ಅವಳು ರೊಟ್ಟಿ ಮುರಿದು ಅಂಚು ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಅತ್ತೆಯ ಕೈ ಗುಣವಾಯಿತೇ ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಪಿಯುಸಿಯ ಫಲಿತಾಂಶ ಬಂದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ. ಮಗಳ ಪರೀಕ್ಷೆ ಜೂನ್ 25ಕ್ಕೆ ಶುರುವಾಯಿತು; ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಮುಖಗವಸು ಹಾಕಿಕೊಂಡು ಬರೆದರು. ಪರೀಕ್ಷೆಯ ಬೆಳಿಗ್ಗೆ ಡಬ್ಬಿ ಕಟ್ಟಿದ್ದು ನಾನು.

ಇಲ್ಲಿಗೆ ನಿಲ್ಲಿಸಿದರೆ ಇದು ಆ ಮೊಬೈಲ್ ಬರಹಗಳ ಸಾಲಿಗೇ ಸೇರುತ್ತದೆ. 2021 ಬಂತು. ಏಪ್ರಿಲ್ 27ರಿಂದ ಮತ್ತೆ ಕರ್ಫ್ಯೂ, ಬೆಳಿಗ್ಗೆ ಆರರಿಂದ ಹತ್ತರವರೆಗೆ ಅಂಗಡಿ. ಈ ಸಲ ಮೌನ ಬರಲಿಲ್ಲ. ರಸ್ತೆಯಲ್ಲಿ ಆಂಬುಲೆನ್ಸ್ ಸದ್ದು ಹಗಲೂ ರಾತ್ರಿ. ಅದರ ನಡುವೆ ಮೇ ಮೊದಲ ವಾರದ ಒಂದು ಬೆಳಿಗ್ಗೆ ಗೋಡೆಯಾಚೆಯ ಮಳೆ ನಿಂತಿತು. ಅವ್ವ ಹಿಂದಿನ ದಿನವೇ ಅಂದಿದ್ದಳು: ನಡುನಡುವೆ ನಿಲ್ಲುತ್ತಿದ್ದಾಳೆ, ದಮ್ಮು ಹತ್ತಿದೆ. ಮುನ್ನೂರು ರೊಟ್ಟಿ ಬಡಿದರೂ ಏದುಸಿರು ಬಾರದವಳು. ನಾನು ಆ ಮಾತನ್ನು ಕೇಳಿಸಿಕೊಂಡು, ನಾಳೆ ನೋಡೋಣ ಎಂದು ಮಿಲ್ಲಿಗೆ ಹೋಗಿದ್ದೆ. ರೊಟ್ಟಿ ಅಕ್ಕನನ್ನು ಅವಳ ಮಗ, ನಾನು, ಆಟೊದ ತಮ್ಮ ಸೇರಿ ಕರೆದೊಯ್ದೆವು. ಆಕ್ಸಿಜನ್ ಇರುವ ಮಂಚಕ್ಕಾಗಿ ಎರಡು ಕಡೆ ತಿರುಗಿ ಮೂರನೆಯ ಕಡೆ ಸಿಕ್ಕಿತು. ನಾಲ್ಕನೆಯ ದಿನ ಹೋದಳು. ಒಂದು ದಿನ ಮೊದಲು ಕರೆದೊಯ್ದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಿದೆ. ಅವರು ಮೂರು ದಿನದಿಂದ ಮಲಗಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಉತ್ತರ ಕೊಡದೆ ನನ್ನ ಹೆಗಲ ಮೇಲೆ ಕೈಯಿಟ್ಟು ಮುಂದೆ ಹೋದರು. ಕಿವಿ ಇದ್ದರೆ ಸಾಲದು ಎಂದು ಆಗ ಅನಿಸಿತು. ಈಗಲೂ ಅನಿಸುತ್ತದೆ.

ಅಡುಗೆಮನೆಯ ಮಾಡದಲ್ಲಿ ಅವಳದೊಂದು ಡಬ್ಬಿ ಇತ್ತು. ನಾವು ಕಡ ತಂದಿದ್ದ ಒಂದು ಸೇರು ಹಿಟ್ಟಿನ ಡಬ್ಬಿ, ಇನ್ನೂ ಮರಳಿಸಿರಲಿಲ್ಲ. ಅವ್ವ ಅದನ್ನು ತೊಳೆದು, ಒರೆಸಿ, ಮತ್ತೆ ಮಾಡದಲ್ಲೇ ಇಟ್ಟಳು. ತುಂಬಿ ಕೊಡಲೇ ಎಂದು ನಾನು ಎರಡು ಸಲ ಕೇಳಿದೆ. ಇರಲಿ ಎಂದಳು.

ಮೂರು ತಿಂಗಳ ಮೇಲೆ ಆ ಹುಡುಗ ಬಂದ. ಇಪ್ಪತ್ತೆರಡು ವರ್ಷ, ತಾಯಿ ಮಾಡಿದ ರೊಟ್ಟಿಯನ್ನು ಸೈಕಲ್ ಮೇಲೆ ಖಾನಾವಳಿಗಳಿಗೆ ಮುಟ್ಟಿಸುತ್ತಿದ್ದವನು. ಖಾನಾವಳಿಗಳು ತೆರೆದಿದ್ದವು, ಹಳೆಯ ಗಿರಾಕಿಗಳು ಕೇಳುತ್ತಿದ್ದರು. ಹಂಚಿದೆ, ಪರಾತವಿದೆ, ಜೋಳವೂ ಇದೆ; ಬಡಿಯಲು ಬರುವುದಿಲ್ಲ. ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಬೇರೆ ಮಾತಾಡಿ, ಕೊನೆಗೆ ಅವ್ವನ ಕಡೆ ನೋಡಿ, ಆಯಿ, ನನಗೆ ಕಲಿಸುತ್ತೀರಾ ಎಂದ. ಅವ್ವನ ಮಣಿಕಟ್ಟು ಕೂಡಿತ್ತು, ಆದರೆ ಬಡಿಯುವ ಕಸುವು ಮರಳಿರಲಿಲ್ಲ. ಅವಳು ಗಲ್ಲ ಎತ್ತಿ ನನ್ನ ಕಡೆ ತೋರಿಸಿದಳು.

“ನಿನ್ನ ಕಾಕಾ ಕಲಿಸುತ್ತಾನೆ.”

ಹುಡುಗ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಲೆಕ್ಕ ಬರೆಯುವ ಕಾಕಾ ರೊಟ್ಟಿ ಬಡಿಯುತ್ತಾನೆ ಎಂಬುದು ಗಲ್ಲಿಗೆಲ್ಲ ಗೊತ್ತಿದ್ದ ಗುಟ್ಟು, ಆದರೂ ಎದುರೆದುರು ಯಾರೂ ಆಡಿರಲಿಲ್ಲ. ಮರುದಿನ ಬೆಳಿಗ್ಗೆ ಅವ್ವ ಮಾಡದ ಡಬ್ಬಿಗೆ ಹಿಟ್ಟು ತುಂಬಿ ನನ್ನ ಕೈಗೆ ಕೊಟ್ಟಳು. ತಾಜಾ ಬೀಸಿದ್ದು, ಇನ್ನೂ ಬೆಚ್ಚಗಿತ್ತು. ಗೋಡೆ ದಾಟಿ ಆಚೆ ಮನೆಗೆ ಹೋದೆ. ಅವನ ತಾಯಿ ಕೂಡುತ್ತಿದ್ದ ಜಾಗದಲ್ಲಿ ಅವನನ್ನೇ ಕೂಡಿಸಿದೆ. ನೀರಿಗೆ ಇಟ್ಟೆವು. ಅದು ಸಳಸಳ ಎನ್ನತೊಡಗಿದ ಕೂಡಲೇ ಅವನು ಇಳಿಸಲು ಹೋದ, ನಾನೂ ತಡೆಯಲಿಲ್ಲ. ಹಿಟ್ಟಿಗೆ ಸುರಿದು, ಅಂಗೈ ಸುಟ್ಟುಕೊಳ್ಳುತ್ತ ನಾದಿ, ಉಂಡೆ ಮಾಡಿ, ಬಡಿಯಲು ಶುರು ಮಾಡಿದ. ಎಂಟೋ ಹತ್ತೋ ಏಟು ಬಿದ್ದಿರಬೇಕು. ಗೋಡೆಯಾಚೆ ನಮ್ಮ ಅಡುಗೆಮನೆಯಿಂದ ಅವ್ವನ ದನಿ ಬಂತು:

“ನೀರು ಇನ್ನೂ ಕುದಿಯಬೇಕಿತ್ತು.”